ಕೇಳಿ ಪಡೆದದ್ದು, ಕೇಳದೇ ಬಂದದ್ದು

ಅಕ್ಟೋಬರ್ ತಿಂಗಳ ಒಂದು ಮಧ್ಯಾಹ್ನ. ಮಳೆ ಹಿಂದೆ ಸರಿದು ತೋಟಕ್ಕೆ ಗೊಬ್ಬರ ಕೊಡುವ ಹೊತ್ತು. ಬಾಳೂರಿನ ನಮ್ಮ ಮನೆಯ ಜಗಲಿಯಲ್ಲಿ ಯೂರಿಯಾ, ರಾಕ್ ಫಾಸ್ಫೇಟ್, ಪೊಟ್ಯಾಷ್ ಮೂಟೆಗಳನ್ನು ಪೇರಿಸಿಟ್ಟಿದ್ದೆವು. ಬಂದ ಚಿಕ್ಕಮ್ಮ ಕುರ್ಚಿ ಎಳೆದುಕೊಳ್ಳುವ ಗೋಜಿಗೂ ಹೋಗದೆ ಪೊಟ್ಯಾಷ್ ಮೂಟೆಯ ಮೇಲೇ ಕೂತರು. ತೊಡೆಯ ಮೇಲೆ ಆಸ್ಪತ್ರೆಯ ಉದ್ದನೆಯ ಫಿಲ್ಮ್ ಕವರು. ಒಂದಲ್ಲ, ಎರಡು.

ಪಕ್ಕೆ ನೋವೆಂದು ಚಾರ್ಮಾಡಿ ಘಾಟಿ ಇಳಿದು ಹೋದವರಿಗೆ ಮೊದಲ ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ಮಾಡಿದ್ದರು. ಮೂತ್ರನಾಳದಲ್ಲಿ ಸಣ್ಣದೊಂದು ಕಲ್ಲು. ನೋವು ಕಡಿಮೆಯಾಗಲಿಲ್ಲವೆಂದು ಹತ್ತು ದಿನ ಬಿಟ್ಟು ಯಾರೋ ಹೇಳಿದ ಇನ್ನೊಂದು ಆಸ್ಪತ್ರೆಗೆ ಹೋದರು. ಮೊದಲಿನವರು ಕೊಟ್ಟ ಸಿ.ಡಿ. ಅಲ್ಲಿಯ ಕಂಪ್ಯೂಟರಿನಲ್ಲಿ ತೆರೆಯಲಿಲ್ಲ. ಫಿಲ್ಮ್ ಮನೆಯ ಅಟ್ಟದಲ್ಲಿತ್ತು. ‘ಇನ್ನೊಮ್ಮೆ ತೆಗೆಸಿಬಿಡಿ’ ಅಂದರು, ತೆಗೆಸಿದರು. ಅದೇ ಕಲ್ಲು, ಅದೇ ಜಾಗ. ಬಿಲ್ಲು ಮಾತ್ರ ಬೇರೆ.

“ಎರಡೆರಡು ಸಲ ಕರೆಂಟ್ ಬಿಟ್ಟಿದ್ದಾರೆ ಮಾರಾಯ. ನಂಗೇನಾದ್ರೂ ಆಗ್ತದಾ?” ಎಂದು ಕೇಳಿದರು. ಒಂದು ಕ್ಷಣ ಬಿಟ್ಟು, “ಕೈಗಾದಲ್ಲಿ ಇರೋದೂ ಇದೇ ಅಲ್ವಾ?” ಎಂದರು.

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು ಎಂಬ ಒಂದೇ ಕಾರಣಕ್ಕೆ ಸುತ್ತಲಿನ ನಾಲ್ಕು ಮನೆಯ ಲ್ಯಾಬ್ ರಿಪೋರ್ಟುಗಳೆಲ್ಲ ನನ್ನ ಜಗಲಿಗೇ ಬರುತ್ತವೆ. ಆದರೆ ಇಷ್ಟು ಸರಿಯಾದ ಪ್ರಶ್ನೆಯನ್ನು ನನ್ನ ವಿದ್ಯಾರ್ಥಿಗಳೂ ಕೇಳಿರಲಿಲ್ಲ.

ನಮ್ಮ ಕಡೆ ‘ಕರೆಂಟ್’ ಎಂಬುದು ದೊಡ್ಡ ಚೀಲ. ಕ್ಯಾನ್ಸರಿಗೆ ಕೊಡುವ ವಿಕಿರಣ ಚಿಕಿತ್ಸೆ ‘ಕರೆಂಟ್ ಕೊಡೋದು’. ಎಕ್ಸ್‌ರೇ, ಸಿಟಿ, ಎಂಆರ್‌ಐ, ಅಲ್ಟ್ರಾಸೌಂಡ್ ಎಲ್ಲವೂ ‘ಸ್ಕ್ಯಾನಿಂಗ್’. ಮೊಬೈಲ್ ಟವರಿನಿಂದ ಬರುವುದೂ ‘ರೇಡಿಯೇಷನ್’. ನೆಟ್‌ವರ್ಕ್ ಸಿಗದೆ ಗುಡ್ಡ ಹತ್ತಿ ಫೋನ್ ಮಾಡುವವರೇ ಟವರ್ ಬಂದರೆ ಏನಾಗುತ್ತದೋ ಎಂದು ಹೆದರುವುದನ್ನೂ ಕಂಡಿದ್ದೇನೆ. ಮೊದಲು ಈ ಚೀಲ ಬಿಚ್ಚಬೇಕು. ಎಂಆರ್‌ಐ ಕೆಲಸ ಮಾಡುವುದು ಅಯಸ್ಕಾಂತ ಮತ್ತು ರೇಡಿಯೊ ಅಲೆಗಳಿಂದ, ಅಲ್ಟ್ರಾಸೌಂಡ್ ಬರೀ ಶಬ್ದದಿಂದ. ಟವರಿನದೂ ರೇಡಿಯೊ ಅಲೆಯೇ. ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತೊಗೆದು ಡಿಎನ್‌ಎಗೆ ಪೆಟ್ಟು ಕೊಡುವಷ್ಟು ಕಸುವು ಇವಕ್ಕಿಲ್ಲ. ಆ ಕಸುವಿರುವುದು ಎಕ್ಸ್‌ರೇಗೆ, ಅದನ್ನೇ ಸುತ್ತಲೂ ತಿರುಗಿಸಿ ಹತ್ತಾರು ಪದರಗಳಲ್ಲಿ ಚಿತ್ರ ತೆಗೆಯುವ ಸಿಟಿಗೆ, ಪರಮಾಣು ಸ್ಥಾವರದೊಳಗಿನ ಇಂಧನಕ್ಕೆ, ಮತ್ತು ಚಿಕ್ಕಮ್ಮ ಕೂತಿದ್ದ ಮೂಟೆಗೆ.

ಹೌದು, ಮೂಟೆಗೆ. ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ. ಅದು ಎಲ್ಲೇ ಇರಲಿ, ಅದರ ಹತ್ತು ಸಾವಿರ ಪರಮಾಣುಗಳಲ್ಲಿ ಹೆಚ್ಚುಕಡಿಮೆ ಒಂದು ವಿಕಿರಣಶೀಲ ಪೊಟ್ಯಾಸಿಯಂ-40. ಒಂದು ಗ್ರಾಂ ಪೊಟ್ಯಾಸಿಯಂನಲ್ಲಿ ಸೆಕೆಂಡಿಗೆ ಸುಮಾರು 31 ಪರಮಾಣುಗಳು ವಿಕಿರಣ ಉಗುಳಿ ಬೇರೆ ಧಾತುವಾಗುತ್ತವೆ. 50 ಕಿಲೋ ಪೊಟ್ಯಾಷ್ ಮೂಟೆಯಲ್ಲಿ ಅರ್ಧದಷ್ಟು ತೂಕ ಪೊಟ್ಯಾಸಿಯಂನದೇ. ಲೆಕ್ಕ ಹಾಕಿದರೆ ಸೆಕೆಂಡಿಗೆ ಏಳೂವರೆ ಲಕ್ಷ ದಾಟುತ್ತದೆ. ಪಕ್ಕದಲ್ಲಿದ್ದ ರಾಕ್ ಫಾಸ್ಫೇಟಿನಲ್ಲೂ ಒಂದಿಷ್ಟು ಯುರೇನಿಯಂ ಇರುತ್ತದೆ. ಚಿಕ್ಕಮ್ಮನ ಮೈಯಲ್ಲೂ ಪೊಟ್ಯಾಸಿಯಂ ಇದೆ, ನಿಮ್ಮ ಮೈಯಲ್ಲೂ ಇದೆ. 70 ಕಿಲೋ ತೂಗುವ ಮನುಷ್ಯನೊಳಗೆ ಸೆಕೆಂಡಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಪೊಟ್ಯಾಸಿಯಂ-40 ಪರಮಾಣುಗಳು ಹೀಗೆ ಕ್ಷಯಿಸುತ್ತಲೇ ಇರುತ್ತವೆ.

ಆದರೂ ನಾನು ‘ಏಳಿ ಚಿಕ್ಕಮ್ಮ’ ಅನ್ನಲಿಲ್ಲ. ಸೆಕೆಂಡಿಗೆ ಎಷ್ಟು ಪರಮಾಣು ಎಂಬ ಲೆಕ್ಕಕ್ಕೆ ಬೆಕೆರೆಲ್ ಎಂದು ಹೆಸರು. ಅದು ಮೈಗೆ ತಗಲಿದ್ದೆಷ್ಟು ಎಂದು ಹೇಳುವುದಿಲ್ಲ. ನಮ್ಮ ತೋಟಗಳಲ್ಲಿ ದಿನವೂ ಬೆಳಿಗ್ಗೆ ಮಳೆಮಾಪಕ ನೋಡಿ ಪುಸ್ತಕದಲ್ಲಿ ಇಂಚು-ಸೆಂಟಿನ ಲೆಕ್ಕ ಬರೆದಿಡುತ್ತೇವಲ್ಲ, ಬೆಕೆರೆಲ್ ಅಂಥದ್ದು, ಬಿದ್ದ ಮಳೆ. ನೆನೆದದ್ದೆಷ್ಟು ಎಂಬುದು ಗೊರಬು ಹಾಕಿಕೊಂಡಿದ್ದಿರೋ, ಬರೀ ತಲೆಯಲ್ಲಿ ನಿಂತಿದ್ದಿರೋ, ಎಷ್ಟು ಹೊತ್ತು ನಿಂತಿದ್ದಿರೋ ಅದರ ಮೇಲೆ. ಆ ನೆನೆದ ಲೆಕ್ಕಕ್ಕೆ, ಅಂದರೆ ಡೋಸಿಗೆ, ಸೀವರ್ಟ್ ಎಂಬ ಅಳತೆ. ಸ್ವೀಡನ್ನಿನ ಭೌತವಿಜ್ಞಾನಿ ರೋಲ್ಫ್ ಸೀವರ್ಟ್ ಹೆಸರಿನದು. ಒಂದು ಸೀವರ್ಟ್ ಎಂದರೆ ಬಹಳ ದೊಡ್ಡದು, ಹಾಗಾಗಿ ಅದರ ಸಾವಿರದ ಒಂದು ಪಾಲಾದ ಮಿಲಿಸೀವರ್ಟಿನಲ್ಲಿ, ಅದೂ ಹೆಚ್ಚಾದರೆ ಹತ್ತು ಲಕ್ಷದ ಒಂದು ಪಾಲಾದ ಮೈಕ್ರೊಸೀವರ್ಟಿನಲ್ಲಿ ಮಾತಾಡುತ್ತಾರೆ. ಪೊಟ್ಯಾಷ್ ಮೂಟೆಯ ಮೇಲೆ ಒಂದು ಗಂಟೆ ಕೂತರೆ ಒಂದು ಮೈಕ್ರೊಸೀವರ್ಟ್ ಕೂಡ ಆಗಲಾರದು.

ಎರಡನೇ ಕವರಿನ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಮೂತ್ರಪಿಂಡ, ಬೆನ್ನೆಲುಬುಗಳ ಸಾಲುಸಾಲು ಚೌಕಗಳ ಕೊನೆಯಲ್ಲಿ ಚಿತ್ರವಿಲ್ಲದ, ಬರೀ ಅಂಕಿಗಳ ಒಂದು ಚೌಕ ಇತ್ತು. ಸಿಟಿ ಯಂತ್ರ ತಾನು ಕೊಟ್ಟದ್ದರ ಲೆಕ್ಕವನ್ನು ತಾನೇ ಬರೆದಿಡುವ ಜಾಗ ಅದು. ‘ಡಿಎಲ್‌ಪಿ 610’ ಎಂದಿತ್ತು. ಹೊಟ್ಟೆಯ ಸ್ಕ್ಯಾನಾದರೆ ಆ ಅಂಕಿಯನ್ನು 0.015ರಿಂದ ಗುಣಿಸಿದರೆ ಅಂದಾಜು ಮಿಲಿಸೀವರ್ಟ್ ಸಿಗುತ್ತದೆ. ಒಂಬತ್ತು ಚಿಲ್ಲರೆ. ಮೊದಲನೆಯದರಲ್ಲಿ 540, ಅಂದರೆ ಎಂಟು ಚಿಲ್ಲರೆ. ಹತ್ತು ದಿನದ ಅಂತರದಲ್ಲಿ ಚಿಕ್ಕಮ್ಮನಿಗೆ ಬಂದದ್ದು ಸುಮಾರು 17 ಮಿಲಿಸೀವರ್ಟ್. ಪೊಟ್ಯಾಷ್ ಮೂಟೆಯಿಂದ ಇಷ್ಟು ಬರಬೇಕಾದರೆ ಊಟ ನಿದ್ದೆ ಎಲ್ಲ ಅದರ ಮೇಲೇ ಮಾಡುತ್ತ ಎರಡು ವರ್ಷದ ಮೇಲೂ ಕೂತಿರಬೇಕಿತ್ತು.

17 ಎಂಬುದು ದೊಡ್ಡದೋ ಸಣ್ಣದೋ? ಉಳಿದ ಪರೀಕ್ಷೆಗಳ ಪಕ್ಕ ಇಟ್ಟು ನೋಡಿದರೆ ಒಂದು ಅಂದಾಜು ಬರುತ್ತದೆ. ಹಲ್ಲಿನ ಎಕ್ಸ್‌ರೇ 0.005 ಮಿಲಿಸೀವರ್ಟ್. ಎದೆಯದು 0.02ರಿಂದ 0.1. ಸ್ತನ ಪರೀಕ್ಷೆಯ ಮ್ಯಾಮೊಗ್ರಾಂ 0.4ರ ಸುತ್ತ. ತಲೆಯ ಸಿಟಿ 2, ಎದೆಯ ಸಿಟಿ 5ರಿಂದ 7, ಹೊಟ್ಟೆಯದು 8ರಿಂದ 10. ಹೃದಯದ ಆಂಜಿಯೋಗ್ರಾಂ ಮಾಮೂಲಿಯಾಗಿ ಇದೇ ಸುಮಾರು, ಕಷ್ಟದ ಕೇಸಾದರೆ ಇನ್ನೂ ಮೇಲೆ. ಪೆಟ್-ಸಿಟಿ ಇಪ್ಪತ್ತನ್ನೂ ದಾಟಬಹುದು. ಇವೆಲ್ಲ ಸರಾಸರಿ. ಯಂತ್ರ, ರೋಗಿಯ ಗಾತ್ರ, ತಂತ್ರಜ್ಞರ ಕೈ ನೋಡಿಕೊಂಡು ಅರ್ಧಕ್ಕೂ ಇಳಿಯುತ್ತದೆ, ಎರಡು ಪಟ್ಟಿಗೂ ಏರುತ್ತದೆ.

ಇನ್ನು ಆಸ್ಪತ್ರೆ ಮೆಟ್ಟಿಲನ್ನೇ ಹತ್ತದವರಿಗೆ ಬರುವುದೆಷ್ಟು? ವಿಶ್ವಸಂಸ್ಥೆಯ ವಿಕಿರಣ ಸಮಿತಿಯ ಲೆಕ್ಕದಂತೆ ಭೂಮಿಯ ಮೇಲಿನ ಸರಾಸರಿ ಮನುಷ್ಯನಿಗೆ ಪ್ರಕೃತಿಯಿಂದಲೇ ವರ್ಷಕ್ಕೆ 2.4 ಮಿಲಿಸೀವರ್ಟ್. ಚಿಕ್ಕಮ್ಮನಿಗೆ ಹತ್ತು ದಿನದಲ್ಲಿ ಬಂದದ್ದು ಏಳು ವರ್ಷದ ಬಾಬತ್ತು. ಎದೆಯ ಒಂದು ಎಕ್ಸ್‌ರೇ ಆದರೆ ಮೂರು ದಿನದಿಂದ ಹದಿನೈದು ದಿನದ್ದು.

ಈ 2.4 ಬರುವ ದಾರಿಗಳನ್ನು ನಮ್ಮ ಗುಡ್ಡದ ಮೇಲೆ ನಿಂತೇ ನೋಡಬಹುದು. ಆಕಾಶದಿಂದ ಬರುವ ವಿಶ್ವಕಿರಣ ಎತ್ತರಕ್ಕೆ ಹೋದಂತೆ ಹೆಚ್ಚು. ಒಂದೂವರೆ-ಎರಡು ಸಾವಿರ ಮೀಟರ್ ಏರಿದರೆ ಇಮ್ಮಡಿಯಾಗುತ್ತದೆ. ಮಂಗಳೂರಿನ ಸಮುದ್ರ ದಂಡೆಯಲ್ಲಿರುವವರಿಗಿಂತ ಬಾಳೂರಿನವರಿಗೆ ಸ್ವಲ್ಪ ಜಾಸ್ತಿ, ಮುಳ್ಳಯ್ಯನಗಿರಿಯ ತುದಿಯಲ್ಲಿ ಇನ್ನೂ ಜಾಸ್ತಿ. ನೆಲದಿಂದ ಬರುವುದು ಕಲ್ಲಿನ ಜಾತಿಯ ಮೇಲೆ. ಕುದುರೆಮುಖ, ಬಾಬಾಬುಡನ್ ಸಾಲಿನ ಕಬ್ಬಿಣದ ಶಿಲೆಗಳಲ್ಲಿ ಯುರೇನಿಯಂ, ಥೋರಿಯಂ ಕಡಿಮೆ. ಗ್ರಾನೈಟಿನಲ್ಲಿ ಹೆಚ್ಚು. ಬಯಲುಸೀಮೆಯ ಗ್ರಾನೈಟ್ ನೆಲದಲ್ಲಿ ಬೋರ್‌ವೆಲ್ ಆಳಕ್ಕೆ ಹೋದಷ್ಟೂ ಇದು ನೀರಿಗೂ ಬರುತ್ತದೆ. ಬೆಂಗಳೂರಿನ ಸಂಶೋಧಕರು ಪೂರ್ವ ಕರ್ನಾಟಕದ 73 ಹಳ್ಳಿಗಳ ಅಂತರ್ಜಲ ಪರೀಕ್ಷಿಸಿದಾಗ 57 ಹಳ್ಳಿಗಳಲ್ಲಿ ಯುರೇನಿಯಂ ಲೀಟರಿಗೆ 30 ಮೈಕ್ರೊಗ್ರಾಂ ಮಿತಿಯನ್ನು ಮೀರಿತ್ತು. (ಅಲ್ಲಿ ಹೆದರಬೇಕಾದದ್ದು ವಿಕಿರಣಕ್ಕಿಂತ ಹೆಚ್ಚಾಗಿ ಯುರೇನಿಯಂ ಎಂಬ ಲೋಹವೇ ಮೂತ್ರಪಿಂಡಕ್ಕೆ ಮಾಡುವ ಹಾನಿಗೆ.) ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ನೀರು ಹರಿಸಿಕೊಂಡು ಬದುಕುವ ನಾವು ಈ ಒಂದು ವಿಷಯದಲ್ಲಿ ಅದೃಷ್ಟವಂತರು.

2.4ರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಮಾತ್ರ ಉಸಿರಿನಿಂದ ಬರುವುದು. ನೆಲದೊಳಗಿನ ಯುರೇನಿಯಂನ ಸಂತತಿಯಲ್ಲಿ ರೇಡಾನ್ ಎಂಬ ಅನಿಲವೊಂದಿದೆ. ಬಣ್ಣವಿಲ್ಲ, ವಾಸನೆಯಿಲ್ಲ. ಮಣ್ಣಿನಿಂದ, ಗೋಡೆಯಿಂದ, ನೆಲದ ಬಿರುಕಿನಿಂದ ಮನೆಯೊಳಗೆ ಬರುತ್ತದೆ. ಗಾಳಿಯಾಡದ ಕೋಣೆಯಲ್ಲಿ ಕೂಡಿಕೊಳ್ಳುತ್ತದೆ. ಅದರ ಮಕ್ಕಳು ಧೂಳಿಗೆ ಅಂಟಿ ಶ್ವಾಸಕೋಶದಲ್ಲಿ ಕೂರುತ್ತವೆ. ಧೂಮಪಾನದ ನಂತರ ಶ್ವಾಸಕೋಶದ ಕ್ಯಾನ್ಸರಿಗೆ ಮುಖ್ಯ ಕಾರಣಗಳಲ್ಲಿ ಇದು ಒಂದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೆಂಚಿನ ಸಂದಿಯಲ್ಲಿ ಬೆಳಕು, ಗಾಳಿ, ಒಮ್ಮೊಮ್ಮೆ ಹಾವೂ ಓಡಾಡುತ್ತಿದ್ದ ನಮ್ಮ ಹಳೇ ಮನೆಗಳಲ್ಲಿ ರೇಡಾನ್ ನಿಲ್ಲಲು ಜಾಗವಿರಲಿಲ್ಲ. ಈಗ ತಾರಸಿ ಮನೆ, ಗಾಜಿನ ಕಿಟಕಿ. ಜೂನ್‌ನಲ್ಲಿ ಮುಚ್ಚಿದ ಕಿಟಕಿ ಸೆಪ್ಟೆಂಬರಿನವರೆಗೂ ತೆರೆಯುವುದಿಲ್ಲ. ಆ ಮನೆಯೊಳಗೆ ಕೂತು ಬೀಡಿ, ಸಿಗರೇಟು ಸೇದುವವರಿದ್ದರೆ ಮುಗಿಯಿತು. ತಂಬಾಕಿನ ಎಲೆಯಲ್ಲಿ ಪೊಲೋನಿಯಂ-210 ಬೇರೆ ಇರುತ್ತದೆ.

ಮಳೆಯ ವಿಷಯಕ್ಕೂ ಇಲ್ಲೊಂದು ತಮಾಷೆಯಿದೆ. ಜೋರು ಮಳೆ ಬಿದ್ದಾಗ ಹೊರಗೆ ಇಟ್ಟ ವಿಕಿರಣ ಮಾಪಕದ ಅಂಕಿ ಏರುತ್ತದೆ. ಗಾಳಿಯಲ್ಲಿದ್ದ ರೇಡಾನ್‌ನ ಸಂತತಿಯನ್ನು ಮಳೆ ತೊಳೆದು ನೆಲಕ್ಕೆ ತರುವುದೇ ಕಾರಣ. ಅವುಗಳ ಅರ್ಧಾಯುಷ್ಯ ಇಪ್ಪತ್ತು-ಮೂವತ್ತು ನಿಮಿಷದೊಳಗಿನದು. ಹಾಗಾಗಿ ಮಳೆ ನಿಂತು ಒಂದೆರಡು ತಾಸಿನಲ್ಲಿ ಅಂಕಿ ಮತ್ತೆ ಇಳಿಯುತ್ತದೆ. ಇದನ್ನು ತಿಳಿಯದವನು ಆಷಾಢದಲ್ಲಿ ಆಗುಂಬೆಯಲ್ಲೋ ಬಾಳೂರಿನಲ್ಲೋ ಮಾಪಕ ಹಿಡಿದು ನಿಂತರೆ ಎಲ್ಲೋ ಸ್ಥಾವರ ಒಡೆದಿದೆ ಎಂದೇ ತಿಳಿದಾನು.

ಇದೇ ಮಳೆ ಇನ್ನೊಂದನ್ನೂ ತಂದಿದೆ, ಅದು ಪ್ರಕೃತಿಯದಲ್ಲ. 1945ರಿಂದ 1980ರವರೆಗೆ ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್, ಫ್ರಾನ್ಸ್, ಚೀನಾ ಸೇರಿ ಐನೂರಕ್ಕೂ ಹೆಚ್ಚು ಅಣುಬಾಂಬುಗಳನ್ನು ಬಯಲಿನಲ್ಲೇ ಸಿಡಿಸಿದವು. ಆ ಧೂಳು ವಾಯುಮಂಡಲದ ಮೇಲ್ಪದರಕ್ಕೇರಿ ಲೋಕವೆಲ್ಲ ಸುತ್ತಿ ಮಳೆಯೊಂದಿಗೆ ಇಳಿಯಿತು. ಹೆಚ್ಚು ಮಳೆ ಬೀಳುವ ಕಡೆ ಹೆಚ್ಚು ಇಳಿಯಿತು. ಪಶ್ಚಿಮ ಘಟ್ಟದ ಕಾಡಿನ ಮಣ್ಣಿನಲ್ಲಿ ಸೀಸಿಯಂ-137 ಸಿಗುವುದು ಹೀಗೆ. ಅದರ ಅರ್ಧಾಯುಷ್ಯ 30 ವರ್ಷ. ಧೂಳು ಅತಿ ಹೆಚ್ಚು ಬಿದ್ದ 1963ರ ಸುಮಾರಿಗೆ ನಮ್ಮ ತೋಟದ ಮರದಡಿ ಬಿದ್ದದ್ದರಲ್ಲಿ ಕಾಲು ಭಾಗದಷ್ಟು ಈಗಲೂ ಕ್ಷಯಿಸದೆ ಉಳಿದಿದೆ. ಡೋಸ್ ಲೆಕ್ಕದಲ್ಲಿ ಇದು ಬಹಳ ಸಣ್ಣದು. 1963ರಲ್ಲಿ ಲೋಕದ ಸರಾಸರಿ ವರ್ಷಕ್ಕೆ 0.11 ಮಿಲಿಸೀವರ್ಟ್ ಇತ್ತು, ಈಗ 0.005ರ ಸುತ್ತ, ಹಲ್ಲಿನ ಒಂದು ಎಕ್ಸ್‌ರೇಯಷ್ಟು. ಆದರೆ ಆ ಬಾಂಬು ಸಿಡಿಸುವಾಗ ಬಾಳೂರಿನಲ್ಲಿ ಕಾಫಿ ಕುಯ್ಯುತ್ತಿದ್ದ ಯಾವ ಆಳನ್ನೂ ಯಾರೂ ಕೇಳಿರಲಿಲ್ಲ. ‘ಹಲ್ಲಿನ ಎಕ್ಸ್‌ರೇಯಷ್ಟೇ’ ಎಂಬ ಮಾತಿನಲ್ಲಿ ಬಿಟ್ಟುಹೋಗುವುದು ಇದೇ.

ಎಲ್ಲವೂ ಹೊರಗಿನವರು ತಂದದ್ದೇ ಎಂದೇನೂ ಅಲ್ಲ. ಕರೆಂಟಿಲ್ಲದ ಕಾಲದಲ್ಲಿ ಮದುವೆಗೆ, ಯಕ್ಷಗಾನಕ್ಕೆ, ರಾತ್ರಿ ಪಲ್ಪಿಂಗ್‌ಗೆ ಪೆಟ್ರೋಮ್ಯಾಕ್ಸ್ ಬೇಕೇ ಬೇಕಿತ್ತು. ಅದರ ಮ್ಯಾಂಟಲ್ ಬಟ್ಟೆಯನ್ನು ಥೋರಿಯಂ ನೈಟ್ರೇಟಿನಲ್ಲಿ ಅದ್ದಿರುತ್ತಿದ್ದರು. ಆ ಬೆಳ್ಳನೆ ಬೆಳಕು ಥೋರಿಯಂ ಆಕ್ಸೈಡಿನದು. ಸುಟ್ಟ ಮ್ಯಾಂಟಲ್ಲಿನ ಬೂದಿಯನ್ನು ಉಫ್ ಎಂದು ಊದಿ ಹೊಸದು ಕಟ್ಟುತ್ತಿದ್ದವರಲ್ಲಿ ನಾನೂ ಒಬ್ಬ. ಊದಬಾರದಿತ್ತು.

ಈಗ ಚಿಕ್ಕಮ್ಮನ ಎರಡನೇ ಪ್ರಶ್ನೆ, ಕೈಗಾ.

ಕಾರವಾರ ತಾಲ್ಲೂಕಿನ ಕಾಳಿ ನದಿಯ ದಡದ ಕೈಗಾದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಪರಮಾಣು ವಿದ್ಯುತ್ ಘಟಕಗಳಿವೆ. ಮೊದಲೆರಡು 2000ದಲ್ಲಿ ವಾಣಿಜ್ಯವಾಗಿ ವಿದ್ಯುತ್ ಕೊಡತೊಡಗಿದವು. ಅದಕ್ಕೂ ಮೊದಲೇ, 1994ರ ಮೇ ತಿಂಗಳಲ್ಲಿ ಕಟ್ಟುತ್ತಿದ್ದ ಒಂದನೇ ಘಟಕದ ಗುಮ್ಮಟದ ಒಳಭಾಗದ ಕಾಂಕ್ರೀಟು ಕಳಚಿ ಬಿದ್ದಿತ್ತು. ಶಿವರಾಮ ಕಾರಂತರು ಕೈಗಾ ವಿರೋಧಿಸಿ 1989ರ ಲೋಕಸಭಾ ಚುನಾವಣೆಗೇ ನಿಂತು ಸೋತರು. ಆ ಹೋರಾಟದ ಕಾಲದಲ್ಲೂ, ಈಗ 5 ಮತ್ತು 6ನೇ ಘಟಕಗಳ ಮಾತು ಬಂದಾಗಲೂ ಎರಡು ವಾಕ್ಯಗಳು ಎದುರುಬದುರಾಗುತ್ತವೆ. ‘ಒಂದು ಎಕ್ಸ್‌ರೇಗಿಂತ ಕಡಿಮೆ’ ಎಂದು ಒಂದು ಕಡೆಯವರು. ‘ವಿಕಿರಣ ಎಷ್ಟಿದ್ದರೂ ವಿಷ’ ಎಂದು ಇನ್ನೊಂದು ಕಡೆಯವರು.

ಅಂಕಿಯ ಮಟ್ಟಿಗೆ ಮೊದಲನೆಯವರು ಸರಿ. ಮಾಮೂಲಿ ದಿನಗಳಲ್ಲಿ ಸ್ಥಾವರದ ಬೇಲಿಯಾಚೆ ಇರುವವರಿಗೆ ಬರುವ ಡೋಸ್ ಕಾನೂನಿನ ಮಿತಿಯ ಬಹಳ ಸಣ್ಣ ಪಾಲು. ಆ ಮಿತಿ ವರ್ಷಕ್ಕೆ 1 ಮಿಲಿಸೀವರ್ಟ್. ಇದನ್ನು ನೋಡಿಕೊಳ್ಳಲೆಂದು 1983ರಲ್ಲಿ ಸ್ಥಾಪನೆಯಾದದ್ದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಎಇಆರ್‌ಬಿ. ಸ್ಥಾವರದೊಳಗೆ ದುಡಿಯುವವರಿಗೆ ಐದು ವರ್ಷದ ಸರಾಸರಿ ವರ್ಷಕ್ಕೆ 20, ಯಾವುದೇ ಒಂದು ವರ್ಷದಲ್ಲಿ 30 ದಾಟುವಂತಿಲ್ಲ. ಅವರ ಎದೆಯ ಮೇಲೆ ಒಂದು ಬ್ಯಾಡ್ಜ್ ಇರುತ್ತದೆ, ಕಾಲಕಾಲಕ್ಕೆ ಅದನ್ನು ಓದಿ ಲೆಕ್ಕ ಬರೆಯುತ್ತಾರೆ.

ಚಿಕ್ಕಮ್ಮನಿಗೆ ಹತ್ತು ದಿನದಲ್ಲಿ 17 ಬಂತು. ಸ್ಥಾವರದ ಕಾರ್ಮಿಕನ ಹೆಚ್ಚುಕಡಿಮೆ ಒಂದು ವರ್ಷದ ಪಾಲು. ಬ್ಯಾಡ್ಜೂ ಇಲ್ಲ, ಲೆಕ್ಕ ಬರೆಯುವವರೂ ಇಲ್ಲ, ಯಾವ ಕಾನೂನೂ ಮುರಿಯಲಿಲ್ಲ. ಏಕೆಂದರೆ ರೋಗಿಗೆ ಡೋಸ್ ಮಿತಿ ಎಂಬುದೇ ಇಲ್ಲ. ನಮ್ಮಲ್ಲಿ ಮಾತ್ರವಲ್ಲ, ಲೋಕದಲ್ಲೆಲ್ಲೂ ಇಲ್ಲ.

ಇದು ಲೋಪವಲ್ಲ, ಬೇಕೆಂದೇ ಹಾಗೆ ಬಿಟ್ಟದ್ದು. ಸ್ಥಾವರದ ಪಕ್ಕದ ಹಳ್ಳಿಯವನಿಗೆ ಬರುವ ವಿಕಿರಣದಿಂದ ಅವನ ಮೈಗೆ ಲಾಭವಿಲ್ಲ. ವಿದ್ಯುತ್ತು ಎಲ್ಲರಿಗೆ, ಅಪಾಯ ಅವನಿಗೆ. ಹಾಗಾಗಿ ಮಿತಿ ಬಿಗಿಯಾಗಿರಬೇಕು. ಆಸ್ಪತ್ರೆಯಲ್ಲಿ ಅಪಾಯ ಹೊರುವ ಮೈಯೂ ಲಾಭ ಪಡೆಯುವ ಮೈಯೂ ಒಂದೇ. ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಬಂದವನಿಗೆ ‘ನಿನ್ನ ಈ ವರ್ಷದ ಕೋಟಾ ಮುಗಿಯಿತು’ ಎಂದು ಸಿಟಿ ನಿರಾಕರಿಸಿದರೆ ಅವನು ವಿಕಿರಣದಿಂದಲ್ಲ, ರಕ್ತಸ್ರಾವದಿಂದ ಸಾಯುತ್ತಾನೆ. ಸ್ತನದ ಕ್ಯಾನ್ಸರಿಗೆ ಐವತ್ತು ಗ್ರೇ (ಮೈ ಹೀರಿಕೊಂಡ ವಿಕಿರಣದ ಅಳತೆ, ಇಲ್ಲಿ ಒಂದು ಗ್ರೇ ಹೆಚ್ಚುಕಡಿಮೆ ಒಂದು ಸೀವರ್ಟಿಗೆ ಸಮ) ಕರೆಂಟ್ ಕೊಡುತ್ತಾರೆ. ಇಡೀ ಮೈಗೆ ಒಮ್ಮೆಲೇ ಅದರ ಹತ್ತನೇ ಒಂದು ಪಾಲು ಬಿದ್ದರೂ ಚಿಕಿತ್ಸೆಯಿಲ್ಲದಿದ್ದರೆ ಅರ್ಧದಷ್ಟು ಜನ ಉಳಿಯುವುದಿಲ್ಲ. ಗಂಟಿದ್ದ ಜಾಗಕ್ಕೆ ಗುರಿಯಿಟ್ಟು, ವಾರಗಟ್ಟಲೆ ದಿನಕ್ಕಿಷ್ಟೆಂದು ಕೊಡುವುದರಿಂದ ಅದು ಔಷಧ.

ಹಂಚಿ ಕೊಡುವುದು ಎಷ್ಟು ಮುಖ್ಯ ಎಂಬುದನ್ನು ನಮ್ಮ ಊರಿನವರಿಗೆ ಹೇಳಿಕೊಡಬೇಕಿಲ್ಲ. ನಾಲ್ಕು ತಿಂಗಳಲ್ಲಿ ಬೀಳಬೇಕಾದ ಮಳೆ ನಾಲ್ಕು ತಿಂಗಳಲ್ಲೇ ಬಿದ್ದರೆ ಕಾಫಿ, ಮೆಣಸು, ಹೊಳೆ ಎಲ್ಲ ಸರಿ. 2019ರ ಆಗಸ್ಟ್‌ನಲ್ಲಿ ಕೆಲವೇ ದಿನಗಳಲ್ಲಿ ಸುರಿದಾಗ ನಮ್ಮ ಸುತ್ತಲಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡವೇ ಜರಿಯಿತು.

ಎದುರು ಬಣದವರ ‘ಎಷ್ಟಿದ್ದರೂ ವಿಷ’ ಎಂಬ ಮಾತಿಗೂ ಒಂದು ಆಧಾರವಿದೆ. ಹಿರೋಷಿಮಾ, ನಾಗಸಾಕಿಯಲ್ಲಿ ಬದುಕುಳಿದವರ ಆರೋಗ್ಯದ ಲೆಕ್ಕವನ್ನು ದಶಕಗಳಿಂದ ಇಡುತ್ತ ಬಂದಿದ್ದಾರೆ. 100 ಮಿಲಿಸೀವರ್ಟ್ ಮೀರಿದರೆ ಕ್ಯಾನ್ಸರ್ ಹೆಚ್ಚುವುದು ಅಲ್ಲಿ ಸ್ಪಷ್ಟ. ಅದರ ಕೆಳಗೆ ಏನಾಗುತ್ತದೆ ಎಂಬುದರ ಮೇಲೆ ಜಗಳವಿದೆ. ಸುರಕ್ಷತೆಯ ದೃಷ್ಟಿಯಿಂದ ಅದೇ ಗೆರೆಯನ್ನು ಸೊನ್ನೆಯವರೆಗೂ ಎಳೆದುಕೊಂಡು ಲೆಕ್ಕ ಹಾಕುವುದು ಅಂತರರಾಷ್ಟ್ರೀಯ ಪದ್ಧತಿ. ಆ ಲೆಕ್ಕದಲ್ಲಿ 10 ಮಿಲಿಸೀವರ್ಟಿನ ಒಂದು ಸ್ಕ್ಯಾನ್ ಎರಡು ಸಾವಿರ ಜನರಲ್ಲಿ ಒಬ್ಬರಿಗೆ ಮುಂದೆಂದೋ ಮಾರಕವಾಗಬಹುದು. ಯಾವ ಸ್ಕ್ಯಾನೂ ಮಾಡಿಸದೆ ಭಾರತದಲ್ಲಿ ಒಂಬತ್ತು ಜನರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಕ್ಯಾನ್ಸರ್ ಬರುವ ಸಂಭವವಿದೆ ಎಂಬುದನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಅರವತ್ತೈದು ದಾಟಿದ ಚಿಕ್ಕಮ್ಮನ ಪಾಲಿಗೆ ಈ ಹೆಚ್ಚುವರಿ ಇನ್ನೂ ಕಡಿಮೆ. ಮಕ್ಕಳಾದರೆ ಹೆಚ್ಚು. ಬ್ರಿಟನ್ನಿನಲ್ಲಿ ಚಿಕ್ಕಂದಿನಲ್ಲಿ ಸಿಟಿ ಮಾಡಿಸಿಕೊಂಡ ಸುಮಾರು 1.8 ಲಕ್ಷ ಜನರ ದಾಖಲೆ ನೋಡಿದ ಅಧ್ಯಯನ 2012ರಲ್ಲಿ ಬಂತು. ಹಲವು ಸ್ಕ್ಯಾನ್ ಸೇರಿ 50 ಮಿಲಿಗ್ರೇ ಆಸುಪಾಸು ಪಡೆದ ಮಕ್ಕಳಲ್ಲಿ ರಕ್ತದ ಕ್ಯಾನ್ಸರಿನ ಸಂಭವ ಮೂರು ಪಟ್ಟಾಗಿತ್ತು. ಮೂಲದಲ್ಲಿ ಅಪರೂಪದ ಕಾಯಿಲೆ, ಮೂರು ಪಟ್ಟಾದರೂ ಅಪರೂಪವೇ. ಹಾಗೆಂದು ಮಗು ಜಾರಿ ಬಿದ್ದು ಅತ್ತ ಕೂಡಲೇ ‘ತಲೆಗೊಂದು ಸ್ಕ್ಯಾನಿಂಗ್ ಮಾಡಿಸಿಬಿಡಿ ಡಾಕ್ಟ್ರೇ’ ಎಂದು ಒತ್ತಾಯಿಸುವುದು ಸರಿಯಲ್ಲ.

ಇದಕ್ಕೆ ಎದುರಾಗಿ ಕೇರಳದ ಕಥೆ. ಕೊಲ್ಲಂ ಜಿಲ್ಲೆಯ ಕರುನಾಗಪ್ಪಳ್ಳಿಯ ಕಡಲ ಮರಳಿನಲ್ಲಿ ಥೋರಿಯಂ ತುಂಬಿದ ಮೊನಜೈಟ್ ಇದೆ. ಕೆಲವು ಜಾಗಗಳಲ್ಲಿ ವರ್ಷಕ್ಕೆ 70 ಮಿಲಿಗ್ರೇವರೆಗೂ ವಿಕಿರಣ. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದವರು ಅಲ್ಲಿಯ ಸುಮಾರು 70 ಸಾವಿರ ಜನರನ್ನು ಹತ್ತು ವರ್ಷಕ್ಕೂ ಮೇಲ್ಪಟ್ಟು ಗಮನಿಸಿ 2009ರಲ್ಲಿ ಪ್ರಕಟಿಸಿದ ವರದಿಯಲ್ಲಿ ವಿಕಿರಣದಿಂದ ಕ್ಯಾನ್ಸರ್ ಹೆಚ್ಚಿದ್ದು ಕಾಣಲಿಲ್ಲ. ನಮ್ಮ ಉಳ್ಳಾಲದ ಕಡಲ ದಂಡೆಯಲ್ಲೂ ಇಂಥದ್ದೇ ಮರಳಿನ ಪಟ್ಟಿಯಿದೆ. 1993ರಲ್ಲೇ ಅದು ವಿಜ್ಞಾನ ಪತ್ರಿಕೆಯಲ್ಲಿ ವರದಿಯಾಗಿತ್ತು. ಕೊಲ್ಲಂ ಮೀನುಗಾರನಿಗೆ ನಿಧಾನವಾಗಿ, ವರ್ಷವಿಡೀ ಬಂದದ್ದನ್ನು ಸಿಟಿಯ ಮೇಲೆ ಮಲಗಿದವನಿಗೆ ಹತ್ತು ಸೆಕೆಂಡಿನಲ್ಲಿ ಬಂದದ್ದರ ಜತೆ ತೂಗುವಾಗ ಮಳೆಯ ಮಾತನ್ನು ಮರೆಯಬಾರದು.

ಹೋಲಿಕೆಯ ಅಳತೆಗೋಲೇ ಹೇಗೆ ಎಳೆದಾಡುತ್ತದೆ ಎಂಬುದನ್ನು ಕೋವಿಡ್ ಕಾಲದಲ್ಲಿ ಎಲ್ಲರೂ ನೋಡಿದೆವು. 2021ರ ಮೇ ತಿಂಗಳ ಮೊದಲ ವಾರ, ಎರಡನೇ ಅಲೆಯ ನಡುವೆ ದೆಹಲಿ ಏಮ್ಸ್‌ನ ಆಗಿನ ನಿರ್ದೇಶಕ ಡಾ. ರಣದೀಪ್ ಗುಲೇರಿಯಾ, ಒಂದು ಸಿಟಿ ಎಂದರೆ 300ರಿಂದ 400 ಎದೆಯ ಎಕ್ಸ್‌ರೇಗೆ ಸಮ, ಸಣ್ಣ ಲಕ್ಷಣಕ್ಕೆಲ್ಲ ಮಾಡಿಸಬೇಡಿ ಎಂದರು. ಅದು ಹಳೇ ಕಾಲದ ಮಾತು, ಈಗಿನ ಕಡಿಮೆ ಡೋಸಿನ ಸಿಟಿ 5ರಿಂದ 10 ಎಕ್ಸ್‌ರೇಗೆ ಸಮ ಎಂದು ರೇಡಿಯಾಲಜಿಸ್ಟರ ಸಂಘ ತಿರುಗಿಬಿತ್ತು. ಇಬ್ಬರೂ ಸುಳ್ಳು ಹೇಳಿರಲಿಲ್ಲ. 7 ಮಿಲಿಸೀವರ್ಟನ್ನು 0.02ರ ಎಕ್ಸ್‌ರೇಯಿಂದ ಭಾಗಿಸಿದರೆ 350. ಒಂದೇ ಮಿಲಿಸೀವರ್ಟಿನ ಸಿಟಿಯನ್ನು 0.1ರ ಎಕ್ಸ್‌ರೇಯಿಂದ ಭಾಗಿಸಿದರೆ 10. ಹಿಂದೆ ಊರಿಗೊಂದು ಅಳತೆಯ ಕೊಳಗ ಇತ್ತಲ್ಲ, ಕೊಳ್ಳುವಾಗ ದೊಡ್ಡದು, ಮಾರುವಾಗ ಸಣ್ಣದು, ‘ಒಂದು ಎಕ್ಸ್‌ರೇ’ ಎಂಬುದೂ ಅಂಥದೇ ಕೊಳಗ. ‘ಬಾಳೆಹಣ್ಣಿನ ಪೊಟ್ಯಾಸಿಯಂನಿಂದ ಬರುವಷ್ಟೇ ವಿಕಿರಣ’ ಎಂಬ ಹೋಲಿಕೆ ಅದಕ್ಕಿಂತ ಕೆಟ್ಟದ್ದು. ಹೆಚ್ಚಾದ ಪೊಟ್ಯಾಸಿಯಂ ಅನ್ನು ಮೈ ತಾನೇ ಹೊರಹಾಕಿ ಮಟ್ಟ ಕಾಯ್ದುಕೊಳ್ಳುವುದರಿಂದ ಬಾಳೆಹಣ್ಣು ತಿಂದರೆ ಒಳಗಿನ ಡೋಸ್ ಏರುವುದೇ ಇಲ್ಲ.

ಮತ್ತೆ ಕೈಗಾಕ್ಕೆ ಬರುತ್ತೇನೆ. 2009ರ ನವೆಂಬರ್ ಕೊನೆಯಲ್ಲಿ ಅಲ್ಲಿಯ ನೌಕರರ ಮಾಮೂಲಿ ಮೂತ್ರ ಪರೀಕ್ಷೆಯಲ್ಲಿ ಟ್ರಿಟಿಯಂ ಎಂಬ ವಿಕಿರಣಶೀಲ ಹೈಡ್ರೋಜನ್ ಹೆಚ್ಚಾಗಿ ಕಂಡಿತು. ಸುಮಾರು ಐವತ್ತು ಜನರಲ್ಲಿ. ಹುಡುಕಿದಾಗ ಗೊತ್ತಾದದ್ದು, ಸ್ಥಾವರದೊಳಗಿನ ಕುಡಿಯುವ ನೀರಿನ ಕೂಲರಿಗೆ ಯಾರೋ ಬೇಕೆಂದೇ ಟ್ರಿಟಿಯಂ ಇದ್ದ ಭಾರಜಲ ಬೆರೆಸಿದ್ದರು. ಟ್ರಿಟಿಯಂ ಮೈಯಿಂದ ಮೂತ್ರ, ಬೆವರಿನೊಂದಿಗೆ ಹೋಗುತ್ತದೆ, ಹತ್ತು ದಿನದಲ್ಲಿ ಅರ್ಧವಾಗುತ್ತದೆ. ಬಹುತೇಕರ ಡೋಸ್ ಮಿತಿಯೊಳಗೇ ಇತ್ತು, ಬೆರಳೆಣಿಕೆಯವರದು ಮಾತ್ರ ಮೀರಿತ್ತು. ಅಂಕಿಯನ್ನಷ್ಟೇ ನೋಡಿದರೆ ಮಿತಿ ಎಂಬುದೇ 30, ಅಂದರೆ ಮೂರು ಹೊಟ್ಟೆಯ ಸಿಟಿ. ಚಿಕ್ಕಮ್ಮ ಅದರ ಅರ್ಧ ದಾರಿ ದಾಟಿ ಬಂದಿದ್ದರು. ಆದರೆ ಆ ಕೂಲರಿನ ನೀರು ಕುಡಿದವನ ಮುಂದೆ ನಿಂತು ‘ಏನಿಲ್ಲಪ್ಪ, ಸ್ಕ್ಯಾನಿಂಗ್ ಮಾಡಿಸಿಕೊಂಡಷ್ಟೇ’ ಎಂದು ಹೇಳುವ ಧೈರ್ಯ ಯಾರಿಗಿದೆ? ಅವನು ಕೇಳಿರಲಿಲ್ಲ, ಒಪ್ಪಿರಲಿಲ್ಲ, ಅವನಿಗದರಿಂದ ಏನೂ ಸಿಗಲಿಲ್ಲ.

ಇದೇ ತಕ್ಕಡಿಯಲ್ಲಿ ಚಿಕ್ಕಮ್ಮನ ಎರಡು ಕವರುಗಳನ್ನು ಇಟ್ಟು ನೋಡಿದೆ. ಮೊದಲ ಸ್ಕ್ಯಾನ್ ಬೇಕಿತ್ತು. ಮೂತ್ರನಾಳದ ಸಣ್ಣ ಕಲ್ಲು ಅಲ್ಟ್ರಾಸೌಂಡಿಗೆ ತಪ್ಪಿಸಿಕೊಳ್ಳುತ್ತದೆ, ಸಿಟಿಗೆ ಸಿಕ್ಕಿಬೀಳುತ್ತದೆ. ಆ ಎಂಟು ಮಿಲಿಸೀವರ್ಟಿಗೆ ಬದಲು ಏನು ತೊಂದರೆ ಎಂಬುದು ಗೊತ್ತಾಯಿತು. ಎರಡನೆಯದಕ್ಕೆ ಬದಲಾಗಿ ಏನೂ ಸಿಗಲಿಲ್ಲ. ಒಂದು ಸಿ.ಡಿ. ತೆರೆಯಲಿಲ್ಲ ಎಂಬುದಕ್ಕೆ ಮೈ ತೆತ್ತ ಒಂಬತ್ತು ಮಿಲಿಸೀವರ್ಟ್ ಅದು. ಆಸ್ಪತ್ರೆಯ ಒಳಗೆ, ಬಿಳಿ ಕೋಟಿನವರ ಕೈಯಲ್ಲಿ, ರಸೀದಿ ಸಮೇತ ಬಂದರೂ ನನ್ನ ಲೆಕ್ಕದಲ್ಲಿ ಅದು ಬಾಂಬಿನ ಧೂಳಿನ ಸಾಲಿಗೇ ಸೇರಬೇಕು, ಕೇಳದೇ ಬಂದದ್ದರ ಸಾಲಿಗೆ. ರೋಗಿಗೆ ಮಿತಿಯಿಲ್ಲ ಎಂದು ಬಿಟ್ಟದ್ದು ಲಾಭ ಅವನದೇ ಎಂಬ ನಂಬಿಕೆಯ ಮೇಲೆ. ಲಾಭವಿಲ್ಲದ ಕಡೆಗೂ ಅದೇ ರಿಯಾಯಿತಿ ಸಲ್ಲದು. ಕೈಗಾದ ಬೇಲಿಯಾಚೆಯವರಿಗೆ ಮೈಕ್ರೊಸೀವರ್ಟುಗಳಲ್ಲಿ ಲೆಕ್ಕ ಕೇಳುವ ನಾವು ಇಲ್ಲಿ ಮಿಲಿಸೀವರ್ಟುಗಳ ಲೆಕ್ಕವನ್ನೇ ಕೇಳುವುದಿಲ್ಲ.

“ನಿಮಗೇನೂ ಆಗೋದಿಲ್ಲ ಚಿಕ್ಕಮ್ಮ” ಎಂದೆ. “ಆದ್ರೆ ಎರಡನೇದು ದಂಡ.”

“ದುಡ್ಡೂ ದಂಡ” ಎಂದರು.

ಮಾರ್ಚಿನಲ್ಲಿ ಮತ್ತೆ ಪಕ್ಕೆ ನೋವು ಬಂದಾಗ ಎರಡೂ ಫಿಲ್ಮ್ ಕವರುಗಳನ್ನು ಗೊಬ್ಬರದ ಖಾಲಿ ಚೀಲದಲ್ಲಿ ಸುತ್ತಿಕೊಂಡು ಹೋದರು. ವೈದ್ಯರು ಹಳೇ ಫಿಲ್ಮನ್ನು ದೀಪದ ಹಲಗೆಗೆ ಸಿಕ್ಕಿಸಿ ನೋಡಿ, ಅಲ್ಟ್ರಾಸೌಂಡ್ ಒಂದನ್ನೇ ಮಾಡಿಸಿ ಕಳಿಸಿದರು.

ನೀವೂ ಫಿಲ್ಮನ್ನು ಎಸೆಯಬೇಡಿ. ಮಳೆಗಾಲದಲ್ಲಿ ಬೂಷ್ಟು ಹಿಡಿಯದ ಕಡೆ ಇಡಿ. ಸಿ.ಡಿ. ಕೊಟ್ಟರೆ ಅಲ್ಲೇ ಒಮ್ಮೆ ತೆರೆದು ತೋರಿಸಲು ಹೇಳಿ, ಸಾಧ್ಯವಾದರೆ ಚಿತ್ರಗಳನ್ನು ಫೋನಿಗೂ ಹಾಕಿಸಿಕೊಳ್ಳಿ. ಬಸುರಿಯಾಗಿದ್ದರೆ, ಇರಬಹುದೆಂಬ ಅನುಮಾನವಿದ್ದರೂ, ಎಕ್ಸ್‌ರೇ ಕೋಣೆಗೆ ಹೋಗುವ ಮುಂಚೆಯೇ ಹೇಳಿ. ಮಗುವನ್ನು ಹಿಡಿದುಕೊಳ್ಳಲು ಒಳಗೆ ಕರೆದರೆ ಸೀಸದ ಏಪ್ರನ್ ಕೇಳಿ ಹಾಕಿಕೊಳ್ಳಿ. ಮತ್ತೆ ಸ್ಕ್ಯಾನ್ ಮಾಡಿಸಿ ಎಂದಾಗ ‘ಹಳೇದರಲ್ಲಿ ಕಾಣದ್ದು ಏನು ಬೇಕು ಡಾಕ್ಟ್ರೇ?’ ಎಂದು ಒಂದು ಮಾತು ಕೇಳಿ. ಒಳ್ಳೆಯ ಡಾಕ್ಟರು ಅದಕ್ಕೆ ಬೇಸರಪಡುವುದಿಲ್ಲ.